ಕಿಂಗ್ಸ್ ಸರ್ಕಲ್ ಬೆಂಚಿಗೆ ಸಿಐಎ ಬಂದ ಕತೆ

ಮೊದಲೇ ಹೇಳಿಬಿಡ್ತೇನೆ, ನಮ್ಮದು ಬಲಪಂಥದ ಗುಂಪು, ಅದರಲ್ಲಿ ಮುಚ್ಚುಮರೆ ಎಂತದ್ದೂ ಇಲ್ಲ. ಭಾನುವಾರ ಬೆಳಿಗ್ಗೆ ವಾಕಿಂಗ್ ಅಂತ ಮನೇಲಿ ಹೇಳಿ ಮಾಟುಂಗಾದ ಕಿಂಗ್ಸ್ ಸರ್ಕಲ್ ಗಾರ್ಡನ್ನಿಗೆ ಬರೋದು, ಅರ್ಧ ಸುತ್ತು ಆಗುವಾಗ ಯಾರಿಗಾದ್ರೂ ಮೊಣಕಾಲು ನೆನಪಾಗ್ತದೆ, ಮತ್ತೆ ಬೆಂಚು, ಮೊಬೈಲು, ದೇಶ. ಕಾಪು ಕಡೆಯ ಶೆಟ್ರು ಇದ್ದಾರೆ, ಹೋಟೆಲ್ ಈಗ ಮಗನ ಕೈಯಲ್ಲಿ. ಧಾರವಾಡದ ಜೋಶಿಯವ್ರು, ಎಮರ್ಜೆನ್ಸಿಯಲ್ಲಿ ಇವರ ತಂದೆ ಜೈಲು ಕಂಡು ಬಂದವ್ರು, ಹಾಗಾಗಿ ಕಾಂಗ್ರೆಸ್ ವಿಷಯ ಬಂದ್ರೆ ಇವರ ಹತ್ರ ರಾಜಿ ಮಾತೇ ಇಲ್ಲ. ಪೂಜಾರಿ, ಫೋರ್ಟಲ್ಲಿ ಒಂದು ಶಿಪ್ಪಿಂಗ್ ಆಫೀಸಿನ ಅಕೌಂಟ್ಸು ನೋಡ್ತಿದ್ದವ. ಮೈಸೂರಿನ ರಾಯರು, ಟ್ರಾಂಬೆಯ ಬಿಎಆರ್‌ಸಿಯಿಂದ, ಅಂದ್ರೆ ಭಾಭಾ ಅಣು ಸಂಶೋಧನಾ ಕೇಂದ್ರದಿಂದ ರಿಟೈರ್ ಆದವ್ರು, ಮಾತು ಕಡಿಮೆ. ನಾನು ಒಂದು ಸರ್ಕಾರಿ ಬ್ಯಾಂಕಿನ ಪೆನ್ಷನ್ ಗಿರಾಕಿ.

ಐದೂ ಜನರ ಓಟು ಒಂದೇ ಕಡೆ. ಹಾಗಾದ್ರೆ ಜಗಳ ಎಂತಕ್ಕೆ ಅಂತ ನನ್ನ ಹೆಂಡತಿ ಕೇಳ್ತಾಳೆ. ಜಗಳ ಪಕ್ಷದ್ದಲ್ಲ, ಷಡ್ಯಂತ್ರದ್ದು.

ಬಲಪಂಥ ಅಂದ್ರೆ ನನ್ನ ಲೆಕ್ಕದಲ್ಲಿ ಬೇಗ ನಂಬದೇ ಇರೋದು. ಯಾರೋ ಒಬ್ಬ ಬಂದು ಸಮಾಜವನ್ನೇ ಮಗುಚಿ ಹಾಕಿ ಸರಿ ಮಾಡ್ತೇನೆ ಅಂದ್ರೆ, ಸ್ವಲ್ಪ ತಡಿ ಮಾರಾಯ, ಇಷ್ಟು ಕಾಲ ಹೀಗೇ ನಡೆದು ಬಂದದ್ದಕ್ಕೆ ಎಂತದೋ ಕಾರಣ ಇರಬಹುದು, ನೋಡಿ ಮಾಡುವ ಅನ್ನೋದು. ಇಂಥ ಸಂಶಯದ ಜನ, ರಾತ್ರಿ ಹನ್ನೊಂದು ಗಂಟೆಗೆ ಬಂದ ಫಾರ್ವರ್ಡ್ ಒಂದನ್ನು ಹಿಂದೆ ಮುಂದೆ ನೋಡದೆ ನಂಬಿ ಇನ್ನೂ ಮೂರು ಗ್ರೂಪಿಗೆ ಕಳಿಸ್ತಾರಲ್ಲ, ಅದು ನನಗೆ ಅರ್ಥ ಆಗೋದಿಲ್ಲ. 2016ರಲ್ಲಿ ಎರಡು ಸಾವಿರದ ನೋಟಲ್ಲಿ ನ್ಯಾನೋ ಚಿಪ್ ಉಂಟು, 120 ಮೀಟರ್ ಆಳದಲ್ಲಿ ಹೂತಿಟ್ರೂ ಸ್ಯಾಟಲೈಟಿಗೆ ಸಿಗ್ತದೆ ಅಂತ ಟಿವಿಯಲ್ಲೇ ಬಂತು, ನಮ್ಮ ಶೆಟ್ರು ಗಲ್ಲೆಯಲ್ಲಿ ಕೂತು ಪ್ರತೀ ನೋಟನ್ನೂ ಟ್ಯೂಬ್‌ಲೈಟಿಗೆ ಹಿಡಿದು ಚಿಪ್ ಹುಡುಕಿದ್ರು. ರಿಸರ್ವ್ ಬ್ಯಾಂಕ್ ಅಂಥದ್ದೇನೂ ಇಲ್ಲ ಅಂದ್ರೂ ಕೇಳ್ಲಿಲ್ಲ. 2023ರ ಮೇಯಲ್ಲಿ ಆ ನೋಟನ್ನೇ ವಾಪಸ್ ತಗೊಳ್ತೇವೆ ಅಂತ ಬಂದಾಗ ಪೂಜಾರಿ ಹೇಳಿದ್ದು, "ಶೆಟ್ರೇ, ಬ್ಯಾಟರಿ ಮುಗಿದಿರಬೇಕು."

ಇದೆಲ್ಲ ತಮಾಷೆಯ ಲೆವೆಲ್ಲು. ಜೋಶಿಯವರದ್ದು ಹಾಗಲ್ಲ, ಅವ್ರು ಓದಿಕೊಂಡವ್ರು, ತಾರೀಖು ಸಮೇತ ಹೇಳ್ತಾರೆ. ಅವರ ಅಚ್ಚುಮೆಚ್ಚಿನ ಕೇಸು ಅಣುವಿಜ್ಞಾನಿ ಹೋಮಿ ಭಾಭಾ ಅವರ ಸಾವು. 1966ರ ಜನವರಿ 10ಕ್ಕೆ ಪಾಕಿಸ್ತಾನದ ಜೊತೆ ತಾಷ್ಕೆಂಟ್ ಒಪ್ಪಂದಕ್ಕೆ ಸಹಿ, ಆ ರಾತ್ರಿ ಕಳೆದು 11ರ ನಸುಕಿಗೆ ಪ್ರಧಾನಿ ಶಾಸ್ತ್ರಿಗಳು ಇಲ್ಲ. ಜನವರಿ 24ಕ್ಕೆ ಭಾಭಾ ಇದ್ದ ಏರ್ ಇಂಡಿಯಾದ ‘ಕಾಂಚನಜುಂಗಾ’ ಬೋಯಿಂಗ್ ಆಲ್ಪ್ಸಿನ ಮಾಂಟ್ ಬ್ಲಾಂಕಿಗೆ ಬಡಿದು 117 ಜನ ಹೋದ್ರು. ಅದೇ 24ಕ್ಕೆ ದಿಲ್ಲಿಯಲ್ಲಿ ಇಂದಿರಾ ಗಾಂಧಿ ಪ್ರಮಾಣವಚನ. "ಹದಿನೈದು ದಿನದಾಗ ಇಷ್ಟೆಲ್ಲಾ ಆತು, ಕಾಕತಾಳೀಯ ಅಂತೀರೇನ್ರಿ? ಸಿಐಎ ಅಧಿಕಾರಿನ ಒಪ್ಪಿಕೊಂಡಾನಂತ!" ಅಂತ ಬೆಂಚು ತಟ್ಟಿ ಕೇಳ್ತಾರೆ. ವಿಮಾನ ಬೀಳಿಸಿದ್ದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯೇ ಅಂತ ಒಪ್ಪಿಕೊಂಡ ಅನ್ನೋದು ಎಲ್ಲಿ ಅಂದ್ರೆ, ಆ ಅಧಿಕಾರಿ ತೀರಿಹೋದ ಮೇಲೆ ಬೇರೆ ಒಬ್ಬ ಬರೆದ ಪುಸ್ತಕದಲ್ಲಿ. ಹೌದಾ ಅಂತ ಕೇಳ್ಲಿಕ್ಕೆ ಅವನೇ ಇಲ್ಲ.

ಆ ದಿನ ರಾಯರು ಬಾಯಿ ಬಿಟ್ರು. ಅವ್ರು ಟ್ರಾಂಬೆಗೆ ಸೇರಿದ್ದು ಭಾಭಾ ಹೋದ ಎಷ್ಟೋ ವರ್ಷದ ನಂತ್ರ, ಆದ್ರೆ ಅಲ್ಲಿಯವರಿಗೆ ಈ ಅಪಘಾತದ ವಿವರ ಬಾಯಿಪಾಠ. "ನೋಡಿ ಜೋಶಿಯವ್ರೇ, ವಿಮಾನ ಬೈರೂತ್ ಬಿಡೋವಾಗ್ಲೇ ಎರಡು ವಿಒಆರ್ ರಿಸೀವರಲ್ಲಿ ಒಂದು ಕೆಟ್ಟಿತ್ತು. ತಾವು ಎಲ್ಲಿದೀವಿ ಅಂತ ಪೈಲಟ್‌ಗೆ ಹೇಳೋ ಸಾಧನ ಅದು. ಜಿನೀವಾದ ರಾಡಾರ್‌ನೋರು ಮಾಂಟ್ ಬ್ಲಾಂಕಿಗೆ ಇನ್ನೂ ಐದು ಮೈಲಿ ಇದೆ ಅಂತ ತಿದ್ದಿ ಹೇಳಿದ್ರು, ಪೈಲಟ್ ಅದನ್ನ ಬೇರೆ ಥರ ಅರ್ಥ ಮಾಡ್ಕೊಂಡು ಪರ್ವತ ದಾಟಾಯ್ತು ಅಂತ ಇಳಿಸೋಕೆ ಶುರು ಮಾಡಿದ್ರು. ಫ್ರೆಂಚರ ವರದಿ ಹೇಳೋದು ಇಷ್ಟೇ." ಆಮೇಲೆ ಇನ್ನೊಂದು ಸೇರಿಸಿದ್ರು: 1950ರ ನವೆಂಬರ್ 3ಕ್ಕೆ ಇದೇ ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’, ಅದೂ ಮುಂಬೈಯಿಂದ ಜಿನೀವಾ ಕಡೆಗೆ ಹೊರಟದ್ದು, ಇದೇ ಮಾಂಟ್ ಬ್ಲಾಂಕಿಗೆ ಬಡಿದು 48 ಜನ ಸತ್ರು. ಅದರಲ್ಲಿ ಯಾವ ಭಾಭಾ ಇದ್ರು?

ಜೋಶಿಯವ್ರು ಅಷ್ಟಕ್ಕೆ ಬಿಡೋರಲ್ಲ, ಭಾರತದ ಅಣುಬಾಂಬ್ ತಡೀಲಿಕ್ಕೇ ಮಾಡಿದ್ದು ಅಂತ ಹಿಡಿದುಕೊಂಡ್ರು. ಸರಿ, ತಡೀಲಿಕ್ಕೆ ಆಯ್ತಾ? 1974ರ ಮೇ 18ಕ್ಕೆ ಪೋಖ್ರಾನಲ್ಲಿ ಸಿಡಿಯಿತಲ್ಲ, ಮುಂದೆ ನಿಂತು ಮಾಡಿಸಿದ್ದು ತುಮಕೂರಲ್ಲಿ ಹುಟ್ಟಿದ ರಾಜಾ ರಾಮಣ್ಣ. ಒಬ್ಬ ಮನುಷ್ಯ ಹೋದ್ರೆ ನಿಂತುಬಿಡುವ ಕೆಲಸ ಆಗಿದ್ರೆ ಭಾಭಾ ಟ್ರಾಂಬೆಯಲ್ಲಿ ಕಟ್ಟಿದ್ದು ಎಂತದ್ದು? ಸಿಐಎ ಕತೆ ಹೇಳುವವ್ರು ಭಾಭಾ ಅವರನ್ನು ದೊಡ್ಡವರನ್ನಾಗಿ ಮಾಡ್ತೇವೆ ಅಂದುಕೊಂಡು ಅವರ ಸಂಸ್ಥೆಯನ್ನು ಸಣ್ಣದು ಮಾಡ್ತಾರೆ, ನನಗೆ ಕಾಣೋದು ಹಾಗೆ.

ಇನ್ನೂ ಒಂದುಂಟು. ಅಮೆರಿಕದವ್ರು ಮಾಡಿದ್ರು ಅಂದ ತಕ್ಷಣ, ಕೆಟ್ಟುಹೋದ ಉಪಕರಣ ಇಟ್ಟುಕೊಂಡು ಅಷ್ಟು ಜನರನ್ನು ಕೂರಿಸಿ ಆಲ್ಪ್ಸ್ ಮೇಲೆ ವಿಮಾನ ಯಾಕೆ ಹಾರಿಸಿದ್ರು ಅನ್ನೋ ಪ್ರಶ್ನೆ ಅಲ್ಲಿಗೇ ಸತ್ತುಹೋಗ್ತದೆ. ನನ್ನ ತಕರಾರು ಪೂರ್ತಿ ಇಷ್ಟೇ, ಮುಂದೆ ಬರೆಯೋದೆಲ್ಲ ಇದರದ್ದೇ ವಿಸ್ತಾರ. ಷಡ್ಯಂತ್ರ ಅಂದುಬಿಟ್ರೆ ಬೇಜವಾಬ್ದಾರಿ ಮಾಡಿದವನಿಗೆ ರಜೆ.

ರಾಯರಿಗೆ ಸಿಟ್ಟು ಇರೋದು ಬೇರೆ ಕಡೆ. ಮಲಬಾರ್ ಹಿಲ್ಲಲ್ಲಿ ಭಾಭಾ ಅವರ ಮನೆ ‘ಮೆಹ್ರಾಂಗೀರ್’ 2014ರಲ್ಲಿ 372 ಕೋಟಿಗೆ ಹರಾಜಾಯ್ತು, ಆಮೇಲೆ ಕೆಡವಿದ್ರು. ಅದನ್ನು ಸ್ಮಾರಕ ಮಾಡಿ ಅಂತ ಬಿಎಆರ್‌ಸಿ ನೌಕರರು ಹೈಕೋರ್ಟಿಗೆ ಹೋಗಿದ್ರು, ಆಗ್ಲಿಲ್ಲ. "ಅದನ್ನ ಸಿಐಎ ಬಂದು ಕೆಡವ್ಲಿಲ್ಲ ಸ್ವಾಮಿ" ಅಂದ್ರು ರಾಯರು. ಪರಂಪರೆ ಪರಂಪರೆ ಅಂತ ದಿನಾ ಹೇಳುವ ನಮ್ಮಂಥವರು ಬೊಬ್ಬೆ ಹೊಡೆಯಬೇಕಾಗಿದ್ದು ಅಲ್ಲಿ.

ಹಾಗಂತ ಜೋಶಿಯವರದ್ದೆಲ್ಲ ಬೊಗಳೆ ಅಂತಲ್ಲ. ವಿದೇಶಿ ಕೈವಾಡ ಇದ್ದದ್ದು ಹೌದು. ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಮಿತ್ರೋಖಿನ್ ಅನ್ನುವವ ಕಡತಗಳಿಂದ ಗುಟ್ಟಾಗಿ ನಕಲು ಮಾಡಿಕೊಂಡು ಬ್ರಿಟನ್ನಿಗೆ ದಾಟಿಸಿದ, ಅದರ ಭಾರತದ ಭಾಗ 2005ರಲ್ಲಿ ಹೊರಗೆ ಬಂತು, ಎಪ್ಪತ್ತರ ದಶಕದಲ್ಲಿ ಇಲ್ಲಿಯ ರಾಜಕೀಯಕ್ಕೂ ಪೇಪರಿಗೂ ರಷ್ಯಾದ ದುಡ್ಡು ಹರಿದ ವಿವರ ಅದರಲ್ಲಿ ಉಂಟು. ಆ ಕಡೆ ಅಮೆರಿಕದ ರಾಯಭಾರಿ ಆಗಿದ್ದ ಮೊಯ್ನಿಹಾನ್, ಕೇರಳ ಮತ್ತೆ ಬಂಗಾಳದಲ್ಲಿ ಕಮ್ಯುನಿಸ್ಟರನ್ನು ತಡೀಲಿಕ್ಕೆ ನಾವೇ ಎರಡು ಸಲ ಕಾಂಗ್ರೆಸ್ಸಿಗೆ ದುಡ್ಡು ಕೊಟ್ಟದ್ದು ಅಂತ 1978ರಲ್ಲಿ ತನ್ನ ಹೆಸರು ಹಾಕಿಯೇ ಬರೆದ. ಇದನ್ನು ನಾನು ನಂಬ್ತೇನೆ. ಒಬ್ಬ ಕಡತ ತಂದ, ಇನ್ನೊಬ್ಬ ತನ್ನದೇ ಸರ್ಕಾರದ ಮೇಲೆ ಸಾಕ್ಷಿ ಹೇಳಿದ.

ಆದ್ರೆ ‘ವಿದೇಶಿ ಕೈವಾಡ’ ಅನ್ನೋ ಮಾತು ನಮ್ಮ ಬಾಯಿಗೆ ಬಂದದ್ದು ಯಾರಿಂದ ಅಂತ ಒಂದು ದಿನ ಜೋಶಿಯವರನ್ನು ಕೇಳಿದೆ. ಇಂದಿರಾ ಗಾಂಧಿಯವರದ್ದೇ ಅಲ್ವಾ ಅದು? ಜೆಪಿ ಚಳವಳಿ ಹಿಂದೆ ವಿದೇಶಿ ಕೈವಾಡ, ಪ್ರತಿಪಕ್ಷದ ಹಿಂದೆ ವಿದೇಶಿ ಕೈವಾಡ ಅಂತ ಹೇಳ್ಕೊಂಡೇ 1975ರ ಜೂನ್ 25ರ ರಾತ್ರಿ ಎಮರ್ಜೆನ್ಸಿ ತಂದು ನಿಮ್ಮ ತಂದೆಯವರನ್ನು ಒಳಗೆ ಹಾಕಿದ್ದು. ಈಗ ಯಾರಾದ್ರೂ ರಸ್ತೆಗೆ ಇಳಿದ್ರೆ ಸಾಕು, ಅಮೆರಿಕದ ಶ್ರೀಮಂತ ಸೊರೋಸ್‌ನ ದುಡ್ಡು, ಹೊರಗಿನವರ ಟೂಲ್‌ಕಿಟ್ ಅಂತ ಅದೇ ರಾಗ ನಾವು ಹಾಡ್ತೇವೆ. ಜೋಶಿಯವ್ರು ಸ್ವಲ್ಪ ಹೊತ್ತು ಸುಮ್ಮನೆ ಕೂತು, "ಅದು ಬ್ಯಾರೆ, ಇದು ಬ್ಯಾರೆ" ಅಂದ್ರು. ಹೇಗೆ ಬೇರೆ ಅಂತ ಇನ್ನೂ ಹೇಳಿಲ್ಲ. 2025ರ ಫೆಬ್ರವರಿಯಲ್ಲಿ ಅಮೆರಿಕದವ್ರೇ, ಭಾರತದ ಮತದಾನ ಹೆಚ್ಚಿಸ್ಲಿಕ್ಕೆ ತಮ್ಮ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್‌ನಿಂದ 21 ಮಿಲಿಯನ್ ಡಾಲರ್ ಅಂತ ಹೇಳಿದಾಗ ನಮ್ಮ ಗ್ರೂಪಲ್ಲಿ ಹಬ್ಬವೋ ಹಬ್ಬ, ಟ್ರಂಪೇ ಹೇಳಿದ್ಮೇಲೆ ಇನ್ನೆಂತ ಬೇಕು ಅಂತ. ಆಗಸ್ಟಿಗೆ ನಮ್ಮದೇ ವಿದೇಶಾಂಗ ಸಚಿವಾಲಯ ರಾಜ್ಯಸಭೆಯಲ್ಲಿ ಹೇಳಿತು, ಅಂಥ ದುಡ್ಡು ಭಾರತಕ್ಕೆ ಬಂದೇ ಇಲ್ಲ ಅಂತ ಅಮೆರಿಕದ ರಾಯಭಾರ ಕಚೇರಿ ತಿಳಿಸಿದೆ ಅಂತ. ಅದನ್ನು ನಾನು ಗ್ರೂಪಿಗೆ ಹಾಕಿದೆ. ಒಂದು ಹೆಬ್ಬೆರಳೂ ಬರ್ಲಿಲ್ಲ ಮಾರಾಯ್ರೆ.

ಬೆಂಚು ನಿಜವಾಗಿ ಬಿರುಕು ಬಿಟ್ಟದ್ದು ಜುಲೈಯ ಆ ಎರಡು ತೀರ್ಪಿನ ದಿನಗಳಲ್ಲಿ. 2025ರ ಜುಲೈ 21ಕ್ಕೆ ಬಾಂಬೆ ಹೈಕೋರ್ಟು 2006ರ ಮುಂಬೈ ಲೋಕಲ್ ರೈಲು ಸ್ಫೋಟದ, ಅಂದ್ರೆ 7/11 ಕೇಸಿನ ಹನ್ನೆರಡೂ ಜನರನ್ನು ಖುಲಾಸೆ ಮಾಡ್ತು, ಅದರಲ್ಲಿ ಐದು ಜನರಿಗೆ ಕೆಳಗಿನ ಕೋರ್ಟು ಗಲ್ಲು ಹಾಕಿತ್ತು. ಹತ್ತೇ ದಿನ, ಜುಲೈ 31ಕ್ಕೆ ಇಲ್ಲಿಯೇ ಎನ್‌ಐಎ ವಿಶೇಷ ಕೋರ್ಟು 2008ರ ಮಾಲೆಗಾಂವ್ ಬಾಂಬ್ ಸ್ಫೋಟದ ಕೇಸಲ್ಲಿ ಪ್ರಜ್ಞಾ ಠಾಕೂರ್, ಕರ್ನಲ್ ಪುರೋಹಿತ್ ಸೇರಿ ಏಳೂ ಜನರನ್ನು ಬಿಡ್ತು. ನಮ್ಮ ಜೋಶಿ, ಶೆಟ್ರು ಇಬ್ಬರದ್ದೂ ಒಂದೇ ಮಾತು: ಮೊದಲನೇದು ಸೆಟ್ಟಿಂಗ್, ಎರಡನೇದು ಸತ್ಯಮೇವ ಜಯತೆ.

ಪೂಜಾರಿಗೆ ಆವತ್ತು ಬಂದ ಸಿಟ್ಟು ನಾನು ಮುಂಚೆ ಕಂಡದ್ದೇ ಇಲ್ಲ. ಅವ 2006ರಲ್ಲಿ ಬೊರಿವಲಿಯಲ್ಲಿ ಇದ್ದ, ಚರ್ಚ್‌ಗೇಟಿನಿಂದ ಫಸ್ಟ್‌ಕ್ಲಾಸ್ ಪಾಸು. ಜುಲೈ 11ರ ಸಂಜೆ ಅವನ ಗಾಡಿ ಮಾಹಿಮ್ ಹತ್ರ ನಿಂತಿತು, ಮುಂದಿನ ಗಾಡಿಯಲ್ಲಿ ಎಂತದೋ ಆಗಿದೆ ಅಂತ ಗೊತ್ತಾಗಿ ಎಲ್ಲ ಹಳಿಗೆ ಹಾರಿದ್ರು, ಜಿಟಿಜಿಟಿ ಮಳೆ, ಹಳಿ ಪಕ್ಕದ ಝೋಪಡಿಯವ್ರು ತಮ್ಮ ಮನೆಯ ಬೆಡ್‌ಶೀಟು ತಂದು ಅದರಲ್ಲಿ ಗಾಯಾಳುಗಳನ್ನು ಮಲಗಿಸಿ ನಾಲ್ಕು ಮೂಲೆ ಹಿಡಿದು ಹೊತ್ತುಕೊಂಡು ಓಡ್ತಿದ್ರು, ಒಂದು ಮೂಲೆ ಇವ ಹಿಡಿದ. ಬೆಡ್‌ಶೀಟಿನ ಮೇಲೆ ನೀಲಿ ಹೂವಿತ್ತು ಅಂತ ಈಗ್ಲೂ ಹೇಳ್ತಾನೆ, ಬೇರೆ ಯಾವುದೂ ಸರಿಯಾಗಿ ನೆನಪಿಲ್ಲ ಅಂತಾನೆ. ಏಳು ಬಾಂಬು, ಹನ್ನೊಂದು ನಿಮಿಷ, 180ಕ್ಕೂ ಹೆಚ್ಚು ಜನ. "ಸೆಟ್ಟಿಂಗ್ ಅಂತೆ! ಹಾಗಾದ್ರೆ ಬಾಂಬು ಇಟ್ಟದ್ದು ಯಾರು ಜೋಶಿಯವ್ರೇ? ಹತ್ತೊಂಬತ್ತು ವರ್ಷ ಪೊಲೀಸರು ಎಂತ ಮಾಡಿದ್ರು ಅಂತ ನೀವು ಕೇಳುದಿಲ್ಲ, ಜಡ್ಜಿಗೆ ಬೈತೀರಿ" ಅಂತ ನಡುಗುವ ಸ್ವರದಲ್ಲಿ ಕೇಳಿದ.

ಅವ ಹೇಳಿದ್ದರಲ್ಲೇ ಎಲ್ಲ ಉಂಟು. ಎರಡೂ ಕೇಸನ್ನು ಮೊದಲು ಕಟ್ಟಿದ್ದು ಒಂದೇ ಮಹಾರಾಷ್ಟ್ರ ಎಟಿಎಸ್, ಪೊಲೀಸರ ಭಯೋತ್ಪಾದನೆ ನಿಗ್ರಹ ದಳ. ಒಂದು ಕಡೆ ತಪ್ಪೊಪ್ಪಿಗೆ ಹೇಗೆ ತಗೊಂಡ್ರಿ, ಗುರುತು ಹಿಡಿಸಿದ್ದು ಹೇಗೆ ಅಂತ ಕೋರ್ಟು ಕೇಳ್ತು, ಇನ್ನೊಂದು ಕಡೆ ಸಂಶಯ ಎಷ್ಟೇ ಇದ್ರೂ ಪುರಾವೆ ಆಗೋದಿಲ್ಲ ಅಂತು. ಎಟಿಎಸ್ ಕರ್ನಲ್ ಪುರೋಹಿತರ ಮೇಲೆ ಸುಳ್ಳು ಕೇಸು ಹಾಕಿತು ಅಂತ ನಾವು ಹದಿನೇಳು ವರ್ಷ ಹೇಳಿದ್ವಿ, ಅದೇ ಎಟಿಎಸ್ ಇನ್ನೊಂದು ಕೇಸಲ್ಲಿ ಮಾತ್ರ ಹರಿಶ್ಚಂದ್ರ ಆಗ್ಲಿಕ್ಕೆ ಹೇಗೆ ಸಾಧ್ಯ? 7/11 ತೀರ್ಪು ಮುಂದಿನ ಕೇಸುಗಳಿಗೆ ಮಾದರಿ ಆಗಬಾರದು ಅಂತ ಸುಪ್ರೀಂ ಕೋರ್ಟು ಜುಲೈ 24ಕ್ಕೆ ತಡೆ ಕೊಟ್ಟಿದೆ, ಅಪೀಲು ನಡೀತದೆ, ಸರಿ. ಆದ್ರೆ ಕಾನೂನು ಸುವ್ಯವಸ್ಥೆ ಅಂದ್ರೆ ನಮ್ಮ ವಿಷಯ ಅಲ್ವಾ, ತನಿಖೆ ಹದಗೆಟ್ರೆ ಎಲ್ಲರಿಗಿಂತ ಮೊದಲು ಕೇಳಬೇಕಾದವ್ರು ನಾವು. ಮಾಲೆಗಾಂವಲ್ಲಿ ಸತ್ತ ಆರು ಜನರನ್ನು ಕೊಂದವ ಯಾರು ಅಂತಲೂ ನಾವೇ ಕೇಳಬೇಕು. ಈ ಕೊನೆಯ ಮಾತು ಹೇಳಿದ್ದಕ್ಕೆ ಶೆಟ್ರು ನನ್ನನ್ನು ಒಂದು ವಾರ ‘ಬುದ್ಧಿಜೀವಿ’ ಅಂತ ಕರೆದ್ರು, ನಮ್ಮ ಬೆಂಚಲ್ಲಿ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ.

ನಮ್ಮ ಮೇಲೆ ಕತೆ ಕಟ್ಟಿದ್ರೆ ಹೇಗಾಗ್ತದೆ ಅಂತ ನಮಗೆ ಗೊತ್ತಿಲ್ವಾ? 26/11ರ ಹಿಂದೆ ಆರೆಸ್ಸೆಸ್ ಇದೆ ಅಂತ ಒಬ್ಬ ಉರ್ದು ಪತ್ರಿಕೆಯ ಸಂಪಾದಕ ಪುಸ್ತಕ ಬರೆದ, 2010ರಲ್ಲಿ ಅದರ ಬಿಡುಗಡೆಗೆ ಕಾಂಗ್ರೆಸ್ಸಿನ ದಿಗ್ವಿಜಯ್ ಸಿಂಗ್ ಹೋದ್ರು. ತುಕಾರಾಮ್ ಓಂಬ್ಳೆ ಗಿರ್‌ಗಾಂವ್ ಚೌಪಾಟಿಯಲ್ಲಿ ಬರೀ ಕೈಯಲ್ಲಿ ಕಸಬ್‌ನ ಬಂದೂಕು ಹಿಡಿದುಕೊಂಡು ಪ್ರಾಣ ಕೊಟ್ಟು ಅವನನ್ನು ಜೀವಂತ ಸಿಗುವ ಹಾಗೆ ಮಾಡದೇ ಹೋಗಿದ್ರೆ ಆ ಕತೆ ಇವತ್ತಿಗೂ ಓಡ್ತಿತ್ತು. ಸುಳ್ಳಿಗೆ ಉತ್ತರ ಕೊಟ್ಟದ್ದು ಸಾಕ್ಷಿ, ಬೇರೊಂದು ಸುಳ್ಳಲ್ಲ. (ಧರ್ಮಸ್ಥಳದ ವಿಷಯ ಯಾಕೆ ಬರೀಲಿಲ್ಲ ಅಂತ ಊರಿನವ್ರು ಕೇಳಬಹುದು. ಅದು ಇನ್ನೂ ತನಿಖೆ, ಕೋರ್ಟು ಅಂತ ಉಂಟು, ಮತ್ತೆ ನಮ್ಮ ಬೆಂಚಲ್ಲಿ ಅದು ಚರ್ಚೆ ಅಲ್ಲ, ಹೊಡೆದಾಟ.)

ಇವಿಎಂ ಬಗ್ಗೆ ಜಾಸ್ತಿ ಬರೀಲಿಕ್ಕೆ ಮನಸ್ಸಿಲ್ಲ, ಬ್ಯಾಂಕಲ್ಲಿ ಇರುವಾಗ ಇಲೆಕ್ಷನ್ ಡ್ಯೂಟಿ ಮಾಡಿದವ ನಾನು. ಬೆಳಗಾಗುವ ಮೊದಲೇ ಏಜೆಂಟರನ್ನು ಎದುರು ಕೂರಿಸಿ ಕನಿಷ್ಠ 50 ಓಟಿನ ಅಣಕು ಮತದಾನ, ಎಣಿಸಿ ತೋರಿಸೋದು, ಅಳಿಸೋದು, ಆ ವಿವಿಪ್ಯಾಟ್ ಚೀಟಿಗಳನ್ನು ಕಪ್ಪು ಕವರಿಗೆ ಹಾಕಿ ಸೀಲು, ಹಸಿರು ಪೇಪರ್ ಸೀಲಿಗೆ ಎಲ್ಲರ ಸಹಿ, ಸಂಜೆ 17ಸಿ ಫಾರಂನಲ್ಲಿ ಎಷ್ಟು ಓಟು ಬಿತ್ತು ಅಂತ ಬರೆದು ಪ್ರತಿ ಏಜೆಂಟನ ಕೈಗೆ ಕಾಪಿ. ಅರಗು ಬೆರಳಿಗೆ ತಾಗಿ ಬೊಬ್ಬೆ ಬಂದದ್ದು ಬಿಟ್ರೆ ಬೇರೆ ಯಾವ ಷಡ್ಯಂತ್ರವೂ ಕಾಣ್ಲಿಲ್ಲ. 2024ರಲ್ಲಿ ಲೋಕಸಭೆಗೆ ಇಲ್ಲಿ ನಮ್ಮ ಮೈತ್ರಿಕೂಟ ಮಹಾಯುತಿಗೆ 48ರಲ್ಲಿ 17, ಆಗ ಮೆಷಿನ್ ಸರಿ ಇತ್ತು, ನವೆಂಬರಲ್ಲಿ ವಿಧಾನಸಭೆಗೆ 288ರಲ್ಲಿ 230 ಬಂದಾಗ ಮೆಷಿನ್ ಕೆಟ್ಟಿತು ಅಂತ ವಿರೋಧ ಪಕ್ಷದವ್ರು ಹೇಳುವಾಗ ಶೆಟ್ರು ಹೊಟ್ಟೆ ಹಿಡಿದು ನಗ್ತಾರೆ. ನಗಲಿ. ಆದ್ರೆ 2009ರಲ್ಲಿ ಸೋತ ಮೇಲೆ ಇವಿಎಂ ನಂಬಬೇಡಿ ಅಂತ ಎದ್ದವ್ರು ನಮ್ಮವ್ರೇ, ಜಿ.ವಿ.ಎಲ್. ನರಸಿಂಹ ರಾವ್ 2010ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದ್ರು, ಮುನ್ನುಡಿ ಅಡ್ವಾಣಿಯವರದ್ದು. ಇದನ್ನು ಹೇಳಿದ್ರೆ ಶೆಟ್ರ ನಗು ನಿಲ್ತದೆ.

ಶೆಟ್ರಿಗೆ ತಮ್ಮದೇ ಒಂದು ಸ್ವಂತ ಷಡ್ಯಂತ್ರ ಉಂಟು ಮತ್ತೆ ಅದು ನಮ್ಮ ಸರ್ಕಾರದ ಮೇಲೆಯೇ. ವಿಜಯಾ ಬ್ಯಾಂಕ್. 1931ರಲ್ಲಿ ಎ.ಬಿ. ಶೆಟ್ಟಿಯವ್ರು ಮಂಗಳೂರಲ್ಲಿ ಶುರು ಮಾಡಿದ್ದು, ಮೂಲ್ಕಿ ಸುಂದರರಾಮ ಶೆಟ್ರು ಬೆಳೆಸಿದ್ದು, ಲಾಭದಲ್ಲೇ ಇದ್ದದ್ದು, 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನ. ಕಾಪುವಿನಿಂದ ಬರಿಗೈಯಲ್ಲಿ ಬಂದ ಹುಡುಗರಿಗೆ ಹೋಟೆಲ್ ಹಾಕ್ಲಿಕ್ಕೆ ಸಾಲ ಕೊಟ್ಟ ಬ್ಯಾಂಕಿನ ಬೋರ್ಡು ಹೋಯ್ತಲ್ಲ ಅಂತ ಅವರಿಗೆ ಇವತ್ತಿಗೂ ಸಂಕಟ. "ಗುಜರಾತಿನ ಬ್ಯಾಂಕಿಗೆ ಬೇಕಂತಲೇ ನಮ್ದನ್ನು ಕೊಟ್ಟದ್ದು, ಇದರ ಹಿಂದೆ ದೊಡ್ಡ ಪ್ಲಾನ್ ಉಂಟು" ಅಂತಾರೆ. ಪ್ಲಾನ್ ಎಂತ ಬಂತು ಶೆಟ್ರೇ, ಎಲ್ಲ ಬಹಿರಂಗವಾಗಿ ಹೇಳಿಯೇ ಮಾಡಿದ್ದು: ದೇನಾ ಬ್ಯಾಂಕು ಮುಳುಗುವ ಹಾಗಿತ್ತು, ಅದನ್ನು ಹೊರ್ಲಿಕ್ಕೆ ಎರಡು ಹೆಗಲು ಬೇಕಿತ್ತು, ನಮ್ಮ ಹೆಗಲು ಗಟ್ಟಿ ಇತ್ತು. ಮರುವರ್ಷ ಸಿಂಡಿಕೇಟ್, ಕಾರ್ಪೊರೇಷನ್ ಎರಡೂ ಹೋದವು. ಇದು ಕೆಟ್ಟ ನಿರ್ಧಾರ ಅಂತ ನನ್ನ ಅಭಿಪ್ರಾಯ, ಮತ್ತೆ ಬಲಪಂಥದವನಾಗಿಯೇ ಆ ಅಭಿಪ್ರಾಯ, ಊರಿನ ಜನ ತಲೆಮಾರುಗಳಿಂದ ಕಟ್ಟಿದ ಸಂಸ್ಥೆಯನ್ನು ದಿಲ್ಲಿಯ ಒಂದು ಕಾಗದದಲ್ಲಿ ಮುಗಿಸೋದು ನಮ್ಮ ಪಂಥ ಅಲ್ಲ. ಆದ್ರೆ ಆಗ ನಮ್ಮ ಸಂಸದರನ್ನು ಹಿಡಿದು ನಿಲ್ಲಿಸಿ ಕೇಳ್ಲಿಲ್ಲ, ಈಗ ಗುಟ್ಟಿನ ಪ್ಲಾನ್ ಹುಡುಕ್ತೇವೆ.

ಕೊನೆಗೆ ಜೋಶಿಯವ್ರು ನನ್ನನ್ನು ಹಿಡಿದದ್ದು ಶಾಸ್ತ್ರಿಗಳ ವಿಷಯದಲ್ಲಿ. "ಅದಕ್ಕೇನ್ ಹೇಳ್ತೀರಿ?" ಅದಕ್ಕೆ ನಾನು ಹೇಳೋದು ಬೇರೆಯೇ. ಒಬ್ಬ ಪ್ರಧಾನಿ ಪರದೇಶದಲ್ಲಿ ರಾತ್ರೋರಾತ್ರಿ ತೀರಿಹೋದ್ರೆ ಪೋಸ್ಟ್‌ಮಾರ್ಟಂ ಅಲ್ಲೂ ಮಾಡ್ಲಿಲ್ಲ, ಇಲ್ಲೂ ಮಾಡ್ಲಿಲ್ಲ. ಮೈ ನೀಲಿಗಟ್ಟಿತ್ತು ಅಂತ ಮನೆಯವ್ರು ಹೇಳ್ತಾ ಬಂದ್ರು. 2009ರಲ್ಲಿ ಆರ್‌ಟಿಐ ಹಾಕಿ ಕೇಳಿದ್ರೆ ಪ್ರಧಾನಿ ಕಚೇರಿ ನಮ್ಮಲ್ಲಿ ಒಂದು ದಾಖಲೆ ಉಂಟು, ವಿದೇಶ ಸಂಬಂಧ ಕೆಡ್ತದೆ, ಕೊಡುದಿಲ್ಲ ಅಂತು. ಸುಭಾಷ್ ಚಂದ್ರ ಬೋಸರ ಕಡತ 2016ರ ಜನವರಿಯಲ್ಲಿ ನಮ್ಮ ಸರ್ಕಾರವೇ ಬಿಚ್ಚಿತು, ಒಳ್ಳೇದೇ ಆಯ್ತು, ಮರುವರ್ಷ ಗೃಹ ಸಚಿವಾಲಯ ಅವರು 1945ರ ವಿಮಾನ ಅಪಘಾತದಲ್ಲೇ ತೀರಿಕೊಂಡದ್ದು ಅಂತ ಆರ್‌ಟಿಐ ಉತ್ತರವನ್ನೂ ಕೊಟ್ಟಿತು, ನಮ್ಮವರಲ್ಲಿ ಅರ್ಧ ಜನರಿಗೆ ಅದು ರುಚಿಸ್ಲಿಲ್ಲ, ಅದು ಬೇರೆ ಮಾತು. ಹಾಗೆಯೇ ಶಾಸ್ತ್ರಿಗಳದ್ದನ್ನೂ ಬಿಚ್ಚಿ. ತಾಷ್ಕೆಂಟ್ ಆಗ ಇದ್ದ ಸೋವಿಯತ್ ದೇಶವೇ ಈಗ ಇಲ್ಲ, ಯಾವ ಸಂಬಂಧ ಕೆಡ್ತದೆ?

"ಹಂಗಾರ ನೀವೂ ನಮ್ಮ ಕಡೆನ ಆತಲ್ರಿ!" ಅಂತ ಜೋಶಿಯವ್ರಿಗೆ ಖುಷಿ. ಅಲ್ಲ. ಅವ್ರು ವಿಷ ಅಂತ ತೀರ್ಮಾನ ಮಾಡಿ ಆಗಿದೆ, ನಾನು ಕಾಗದ ಕೊಡಿ ಅಂತಿದ್ದೇನೆ. ಸರಿ, ಹೊಸದಾಗಿ ಆರ್‌ಟಿಐ ಹಾಕುವ ಅಂತ ಆಯ್ತು, ಹತ್ತು ರೂಪಾಯಿ ಫೀಸು ಶೆಟ್ರು ಕೊಡ್ತಾರಂತೆ. ಇಪ್ಪತ್ತು ವರ್ಷ ಹಳೆಯ ದಾಖಲೆ ಕೊಡಬೇಕು ಅಂತ ಆರ್‌ಟಿಐ ಕಾಯ್ದೆಯ ಕಲಂ 8(3)ರಲ್ಲಿ ಇದ್ರೂ ವಿದೇಶ ಸಂಬಂಧದ ವಿನಾಯಿತಿ ಅದರಿಂದ ತಪ್ಪೋದಿಲ್ಲ, ಹಾಗಾಗಿ ಬರೆಯುವಾಗ ಜಾಗ್ರತೆ ಬೇಕು, ಯಾಕೆ, ಹೇಗೆ ಅಂತ ಪ್ರಶ್ನೆ ಕೇಳಬೇಡಿ, ಇಂಥ ದಾಖಲೆಯ ಪ್ರತಿ ಅಂತ ಮಾತ್ರ ಕೇಳಿ ಅಂತ ಹೇಳಿಕೊಟ್ಟೆ. ಆನ್‌ಲೈನಲ್ಲಿ ಮೂರು ಸಾವಿರ ಅಕ್ಷರದ ಮಿತಿ ಉಂಟು. ಜೋಶಿಯವರ ಕರಡು ಮೊನ್ನೆ ಬಂತು, ಕೆಜಿಬಿ, ಅಡುಗೆಯವ, ಥರ್ಮಾಸ್ ಫ್ಲಾಸ್ಕ್ ಎಲ್ಲ ಸೇರಿ ಪೀಠಿಕೆಯೇ ನಾಲ್ಕು ಪುಟ. ಕತ್ತರಿಸಿ ಅಂದ್ರೆ, ತಮ್ಮ ಬಾಯಿ ಮುಚ್ಚಿಸಲಿಕ್ಕೆ ನನಗೆ ಯಾರು ಹೇಳಿದ್ದಾರೆ ಅಂತ ಕೇಳ್ತಿದ್ದಾರೆ.